ಮೂರು ತಿಂಗಳು ನಿಲ್ಲಿಸುವ ಬೈಕಿಗೆ

ಮಳೆಗಾಲ ಮುಗಿಯುವವರೆಗೆ ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಹಳೇ ಬುಲೆಟ್ಟನ್ನು ಜಯನಗರದ ಬೇಸ್‌ಮೆಂಟಿನಲ್ಲಿ ನಿಲ್ಲಿಸಬೇಕು, ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಎರಡು ನಿಮಿಷ ಸುಮ್ನೆ ಗುರುಗುಟ್ಟಿಸಿದರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಸೈಲೆನ್ಸರ್ ಒಳಗೆ ನೀರು ಕೂತು ತುಕ್ಕು ಹಿಡಿಯುತ್ತದೆ, ಅಷ್ಟೇ.

ನಿಲ್ಲಿಸುವ ಮುಂಚೆಯೇ ಆಯಿಲ್ ಬದಲಿಸಿ. ಟ್ಯಾಂಕ್ ಫುಲ್ ಮಾಡಿಸಿ; ಖಾಲಿ ಜಾಗ ಇದ್ದಷ್ಟೂ ತೇವ. ಆಮೇಲೆ ಪೆಟ್ರೋಲ್ ನಾಬ್ ಆಫ್ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಬಿಡಿ. ಕಾರ್ಬ್ಯುರೇಟರ್ ಕೆಳಗಿನ ಸ್ಕ್ರೂ ಸಡಿಲಿಸಿ ಉಳಿದದ್ದನ್ನು ಬಸಿಯಿರಿ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ, ಅಲ್ಲೇ ಒಣಗಿದರೆ ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತು, ಕಟ್ಟಿಕೊಳ್ಳುತ್ತದೆ. ಆಮೇಲೆ ಮೆಕ್ಯಾನಿಕ್ ಹತ್ತಿರ ತಳ್ಳಿಕೊಂಡು ಹೋಗಬೇಕಾಗುತ್ತದೆ.

ಬ್ಯಾಟರಿ ಬಿಚ್ಚಿ ಮನೆಯೊಳಗಿಡಿ, ಮೊದಲು ಮೈನಸ್ ವೈರು. ಚೈನಿಗೆ ಲ್ಯೂಬ್, ಡಬಲ್ ಸ್ಟ್ಯಾಂಡ್. ಬೇಸ್‌ಮೆಂಟಿನಲ್ಲಿ ಇಲಿ ಜಾಸ್ತಿ ಅಲ್ವಾ? ಸೈಲೆನ್ಸರ್ ಬಾಯಿಗೆ ಕೆಂಪು ಬಟ್ಟೆ ತುರುಕಿ, ತೆಗೆಯುವುದು ಮರೆಯಬಾರದಲ್ಲ. ಅಂದಹಾಗೆ, ಅಲ್ಲಿಗೆ ಮಳೆ ನೀರು ನುಗ್ಗುವುದಾದರೆ ಗಾಡಿಯನ್ನು ಮೇಲೆಯೇ ನಿಲ್ಲಿಸಿ.