ರೊಟ್ಟಿ, ಚಟ್ನಿಪುಡಿ ಮಾರಿ. ಮೊದಲು ಒಂದು ಪ್ಯಾಕೆಟ್ಟಿನ ಲೆಕ್ಕ ಬರೆಯಿರಿ

ಹುಬ್ಬಳ್ಳಿ-ಧಾರವಾಡದ ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಕಾಲೇಜು ಹುಡುಗ ಹುಡುಗಿಯರಿಂದ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ: "ಸರ್, ಕಡಿಮೆ ಬಂಡವಾಳದಲ್ಲಿ ಯಾವ ಬಿಸಿನೆಸ್ ಮಾಡಲಿ?" ನಿಮ್ಮ ಊರು ಯಾವುದು, ಕೈಯಲ್ಲಿ ಯಾವ ಕೆಲಸ ಇದೆ, ಸುತ್ತ ಯಾರಿದ್ದಾರೆ ಎಂದು ಗೊತ್ತಿಲ್ಲದೆ ನಾನು ಏನು ಹೇಳಲಿ? ಗೊತ್ತಿಲ್ಲದೆಯೇ "ಟಾಪ್ 10 ಐಡಿಯಾ" ಹೇಳುವವರು ಯೂಟ್ಯೂಬ್ ತುಂಬ ಇದ್ದಾರೆ. ಅವರ ಸಂಪಾದನೆ ಆ ವಿಡಿಯೊದಿಂದ ಬರುತ್ತದೆ, ಅವರು ಹೇಳುವ ಬಿಸಿನೆಸ್‌ನಿಂದಲ್ಲ. ಈ ಸಲ ಒಂದು ಪತ್ರಕ್ಕೆ ಮಾತ್ರ ಉದ್ದದ ಉತ್ತರ ಬರೆದಿದ್ದೇನೆ. ಆ ಪತ್ರದಲ್ಲಿ ಐಡಿಯಾ ಇತ್ತು, ಲೆಕ್ಕವೂ ಇತ್ತು. ಲೆಕ್ಕ ತಪ್ಪಾಗಿತ್ತು, ಆದರೆ ಇತ್ತಲ್ಲ, ಅದೇ ದೊಡ್ಡದು.

ಪ್ರಶ್ನೆ: ನಾನು ಧಾರವಾಡದಲ್ಲಿ ಬಿಕಾಂ ಎರಡನೇ ವರ್ಷ ಓದುತ್ತಿದ್ದೇನೆ. ಊರು ರೋಣದ ಹತ್ತಿರ. ಅಮ್ಮ ಮಾಡುವ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಪಿಜಿಯಲ್ಲಿ ಎಲ್ಲರಿಗೂ ಇಷ್ಟ. ಸಪ್ತಾಪುರದ ಪಿಜಿಗಳಲ್ಲಿ ಮಾರಬೇಕು ಎಂದುಕೊಂಡಿದ್ದೇನೆ. ಒಂದು ಕೆಜಿ ಚಟ್ನಿಗೆ ಸಾಮಾನಿನ ಖರ್ಚು 210 ರೂಪಾಯಿ. ಕಾಲು ಕೆಜಿ ಪ್ಯಾಕೆಟ್ 100ಕ್ಕೆ ಮಾರಿದರೆ ಅರ್ಧಕ್ಕರ್ಧ ಲಾಭ ಅಲ್ವಾ? ಪ್ಯಾಕಿಂಗ್ ಮಷೀನಿಗೆ, ಲೋಗೋಗೆ 50 ಸಾವಿರ ಸಾಲ ತಗೋ ಎನ್ನುತ್ತಿದ್ದಾಳೆ ಗೆಳತಿ. ಜಿಎಸ್‌ಟಿ ಮಾಡಿಸಬೇಕಾ?

ಉತ್ತರ: ಅರ್ಧಕ್ಕರ್ಧ ಲಾಭ ಅಲ್ಲ. ಕಾಲು ಕೆಜಿಗೆ ಸಾಮಾನು 52 ರೂಪಾಯಿ ಎಂದಿರಿ. ಶೇಂಗಾ ಹುರಿದು ಸಿಪ್ಪೆ ತೆಗೆದ ಮೇಲೆ ತೂಕ ಇಳಿಯುತ್ತದೆ, ಹುಳುಕು ಕಾಳು ಆರಿಸಿ ಎಸೆಯಬೇಕು. ಹಾಗಾಗಿ ಅದನ್ನು 57 ಎಂದು ಹಿಡಿಯಿರಿ. ಗ್ಯಾಸು, ಕುಟ್ಟಿಸುವ ಕೂಲಿ 6. ಪೌಚು ಮತ್ತು ಲೇಬಲ್ 8. ಬಸ್ಸಿನ ಲಗೇಜು, ಆಟೋ 4. ಉಳಿದು ಕೆಡುವ ಮತ್ತು ದುಡ್ಡು ಬಾರದ ಪ್ಯಾಕೆಟ್ಟಿಗೆಂದು 5 ತೆಗೆದಿಡಿ. ಅಲ್ಲಿಗೆ 80 ಆಯಿತು. ಇನ್ನು ಅಮ್ಮನ ಕೂಲಿ. ಹತ್ತು ಕೆಜಿ ಚಟ್ನಿ, ಅಂದರೆ 40 ಪ್ಯಾಕೆಟ್, ಮಾಡಲು ಅವರಿಗೆ ಪೂರ್ತಿ ಒಂದು ದಿನ ಬೇಕು. ಅದೇ ದಿನ ಬೇರೆಯವರ ಹೊಲಕ್ಕೆ ಹೋಗಿದ್ದರೆ ಕೂಲಿ ಬರುತ್ತಿತ್ತು ತಾನೆ? ಬರೀ 400 ರೂಪಾಯಿ ಎಂದು ಹಿಡಿದರೂ ಪ್ಯಾಕೆಟ್ಟಿಗೆ 10. ಒಟ್ಟು 90. ನಿಮಗೆ ಉಳಿಯುವುದು 10 ರೂಪಾಯಿ, ಅದರಲ್ಲಿ ನಿಮ್ಮ ಓಡಾಟದ ಕೂಲಿ ಇನ್ನೂ ಸೇರಿಲ್ಲ.

ಈಗ ಪಿಜಿ ಕೆಳಗಿನ ಅಂಗಡಿಯವರು "ನನ್ನ ಹತ್ತಿರ ಇಡು, 20 ಪರ್ಸೆಂಟ್ ಕಮಿಷನ್ ಕೊಡು" ಎನ್ನುತ್ತಾರೆ. ಕೊಟ್ಟರೆ ಕೈಗೆ ಬರುವುದು 80. ಪ್ರತಿ ಪ್ಯಾಕೆಟ್ಟಿಗೂ ಹತ್ತು ರೂಪಾಯಿ ನಷ್ಟ. ಜಾಸ್ತಿ ಮಾರಿದಷ್ಟೂ ಜಾಸ್ತಿ ನಷ್ಟ, ಆದರೆ ದಿನಾ ದುಡ್ಡು ಕೈಗೆ ಬರುತ್ತಿರುವುದರಿಂದ ವ್ಯಾಪಾರ ಭರ್ಜರಿ ನಡೆದಿದೆ ಎನಿಸುತ್ತದೆ. ನನ್ನ ಮೇಜಿಗೆ ಬರುವ ಎಷ್ಟೋ ಸಣ್ಣ ವ್ಯಾಪಾರಗಳು ಸತ್ತಿರುವುದು ಹೀಗೆಯೇ. ಗಿರಾಕಿ ಇಲ್ಲದೆ ಅಲ್ಲ. ಮನೆಯವರ ದುಡಿಮೆಗೆ ಬೆಲೆ ಹಾಕದೆ, ತಾಯಿಯ ಬೆನ್ನಿನ ಮೇಲೆ ಲಾಭ ಬರೆದುಕೊಂಡು. ಇದನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಹಾಗಾಗಿ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಬೆಲೆ 130 ಇಡಿ. ನೇರವಾಗಿ ಮಾರಿದರೆ 40 ಉಳಿಯುತ್ತದೆ, ಅಂಗಡಿಗೆ ಕೊಟ್ಟರೂ 14 ಉಳಿಯುತ್ತದೆ. "ಅಷ್ಟಾದ್ರೆ ಯಾರು ತಗೋತಾರೆ" ಎಂದು ಹೆದರಬೇಡಿ, 20 ಜನರನ್ನು ಕೇಳಿ. "ಚೆನ್ನಾಗಿದೆ" ಎನ್ನುವವರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮುಂಚೆಯೇ 130 ರೂಪಾಯಿ ಕೊಟ್ಟವರನ್ನು ಮಾತ್ರ ಹಿಡಿಯಿರಿ. ಆ ದುಡ್ಡಿನಲ್ಲೇ ಶೇಂಗಾ ಕೊಳ್ಳಿ. ಪ್ಯಾಕಿಂಗ್ ಮಷೀನು ಬೇಡ. ಪೌಚಿನ ಬಾಯಿ ಮುಚ್ಚಲು ಕೈಯಲ್ಲಿ ಒತ್ತುವ ಸಣ್ಣ ಸೀಲರ್ ಸಾಕು. ಲೋಗೋ ಸದ್ಯಕ್ಕೆ ಬೇಡವೇ ಬೇಡ. ಓದುವಾಗ ಸಾಲ ಮಾಡಿ ವ್ಯಾಪಾರ ಬೇಡ ಎನ್ನುವುದು ನನ್ನ ಹಠ. ಇದು ಅತಿ ಎಚ್ಚರಿಕೆ ಎಂದು ಕೆಲವರು ಹೇಳುತ್ತಾರೆ, ಹೇಳಲಿ. ಸೆಮಿಸ್ಟರ್ ಪರೀಕ್ಷೆ ಬಂದಾಗ ನೀವು ತಿಂಗಳುಗಟ್ಟಲೆ ಮಾರಾಟ ನಿಲ್ಲಿಸಬೇಕಾಗುತ್ತದೆ, ದಸರೆ ರಜೆಗೆ ಪಿಜಿಗಳು ಅರ್ಧ ಖಾಲಿ ಆಗುತ್ತವೆ. ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ.

ರೊಟ್ಟಿಯ ಲೆಕ್ಕ ಬೇರೆ. ಖಡಕ್ ರೊಟ್ಟಿ ಚೆನ್ನಾಗಿ ಒಣಗಿದ್ದರೆ ವಾರಗಟ್ಟಲೆ ಇರುತ್ತದೆ, ಆದರೆ ಬಸ್ಸಿನಲ್ಲಿ ಮುರಿಯುತ್ತದೆ, ಮುರಿದ ರೊಟ್ಟಿಗೆ ಯಾರೂ ಪೂರ್ತಿ ದುಡ್ಡು ಕೊಡುವುದಿಲ್ಲ. ಗಟ್ಟಿ ಡಬ್ಬಿಯಲ್ಲಿ ತನ್ನಿ. ಹತ್ತಕ್ಕೆ ಎಷ್ಟು ಮುರಿಯುತ್ತವೆ ಎಂದು ಮೊದಲ ಮೂರ್ನಾಲ್ಕು ಸಲ ಬರೆದಿಟ್ಟು, ಅದನ್ನು ಬೆಲೆಗೆ ಸೇರಿಸಿ. ಗಿರಾಕಿ ಬರುವುದು ರೊಟ್ಟಿಗೆ, ದುಡ್ಡು ಉಳಿಯುವುದು ಚಟ್ನಿಯಲ್ಲಿ. ಎರಡೂ ಇರಲಿ.

ಶೇಂಗಾದ ಬಗ್ಗೆ ಇನ್ನೊಂದು ಮಾತು, ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದು ಲಿವರಿಗೆ ಕೆಟ್ಟದ್ದು. ಹುರಿದರೆ ಪೂರ್ತಿ ಹೋಗುವುದಿಲ್ಲ. ಸಸ್ತಾ ಸಿಗುತ್ತದೆ ಎಂದು ಮುಗ್ಗಲು ಕಾಳು ತರಬೇಡಿ. ಶೇಂಗಾದಲ್ಲಿ ಎಣ್ಣೆ ಜಾಸ್ತಿ, ಗಾಳಿ ಮತ್ತು ಬಿಸಿಲು ತಗುಲಿದರೆ ಕಮಟು ವಾಸನೆ ಬರುತ್ತದೆ. ಹಾಗಾಗಿ ಒಂದೇ ಸಲ ತಿಂಗಳಿಗಾಗುವಷ್ಟು ಮಾಡಿಸಿ ರೂಮಿನಲ್ಲಿ ಕೂಡಿಡಬೇಡಿ. ಹದಿನೈದು ದಿನಕ್ಕೆ ಆಗುವಷ್ಟೇ ತರಿಸಿ.

ಕಾಗದಪತ್ರಕ್ಕೆ ಬರೋಣ. ತಿನ್ನುವ ಪದಾರ್ಥ ಮಾಡಿ ಮಾರುವವರು ಎಷ್ಟೇ ಚಿಕ್ಕವರಾದರೂ ಎಫ್ಎಸ್ಎಸ್ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ನೋಂದಣಿ ಬೇಕು. ನಿಮ್ಮಷ್ಟು ಸಣ್ಣ ವಹಿವಾಟಿಗೆ ಬೇಸಿಕ್ ನೋಂದಣಿ ಸಾಕು, ಅದರ ಸರ್ಕಾರಿ ಶುಲ್ಕ ತೀರಾ ಕಡಿಮೆ. ಅವರ ಫಾಸ್ಕಾಸ್ ಎಂಬ ಆನ್‌ಲೈನ್ ಪೋರ್ಟಲಿನಲ್ಲಿ ನೀವೇ ಅರ್ಜಿ ಹಾಕಬಹುದು. ಇದಕ್ಕೆ ಮೂರು ಸಾವಿರ ಕೇಳುವ ಏಜೆಂಟರಿದ್ದಾರೆ, ಕೊಡಬೇಡಿ. ನೋಂದಣಿ ಜಾಗಕ್ಕೆ ಸಂಬಂಧಿಸಿದ್ದು, ಆದ್ದರಿಂದ ತಯಾರಿಕೆಗೆ ಊರಿನ ಮನೆಯ ವಿಳಾಸದಲ್ಲಿ ಅಮ್ಮನ ಹೆಸರಿನದು, ಧಾರವಾಡದಲ್ಲಿ ಇಟ್ಟು ಮಾರುತ್ತೀರಾದರೆ ನಿಮ್ಮದೊಂದು. ಲೇಬಲ್ಲಿನಲ್ಲಿ ನೋಂದಣಿಯ 14 ಅಂಕಿಯ ಸಂಖ್ಯೆ, ಏನೇನು ಹಾಕಿದ್ದೀರಿ, ನಿವ್ವಳ ತೂಕ, ಎಂಆರ್‌ಪಿ, ಪ್ಯಾಕ್ ಮಾಡಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ಮಾಡಿದವರ ಹೆಸರು ವಿಳಾಸ, ಸಸ್ಯಾಹಾರದ ಹಸಿರು ಗುರುತು ಇರಬೇಕು. ಶೇಂಗಾ ಅಲರ್ಜಿ ಇರುವವರಿದ್ದಾರೆ, ಆ ಪದ ಎದ್ದು ಕಾಣಲಿ.

ಜಿಎಸ್‌ಟಿ ಸದ್ಯಕ್ಕೆ ಬೇಡ. ಕರ್ನಾಟಕದೊಳಗೆ ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ, ಸೇವೆ ಕೊಡುವವರಿಗೆ 20 ಲಕ್ಷದವರೆಗೆ ನೋಂದಣಿ ಕಡ್ಡಾಯವಲ್ಲ. ಆದರೆ ಇಲ್ಲೊಂದು ಗುಂಡಿ ಇದೆ. ಪುಣೆಯಲ್ಲಿ ಕೆಲಸ ಮಾಡುವ ನಿಮ್ಮೂರವರು "ನಮಗೂ ಕೊರಿಯರ್ ಮಾಡು" ಎಂದು ಕೇಳೇ ಕೇಳುತ್ತಾರೆ. ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ ಈ ಮಿತಿ ಅನ್ವಯಿಸುವುದಿಲ್ಲ, ಮೊದಲ ಪ್ಯಾಕೆಟ್ಟಿಗೇ ನೋಂದಣಿ ಬೇಕು. ರೊಟ್ಟಿ, ಚಪಾತಿಗೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಇಲ್ಲ, ಚಟ್ನಿಪುಡಿಗೆ ಇದೆ. ಮೊದಲ ವರ್ಷ ಪುಣೆ ಆರ್ಡರ್ ಬೇಡ ಎನ್ನಿ.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿದ್ದು ನಿಮಗೆ ನೆನಪಿರಬೇಕು. ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಯವರು ಕ್ಯೂಆರ್ ಕೋಡ್ ತೆಗೆದು "ಕ್ಯಾಶ್ ಮಾತ್ರ" ಎಂದು ಬೋರ್ಡ್ ಹಾಕಿದರು. ಅದನ್ನು ನೋಡಿ ನೀವು ಕ್ಯಾಶಿಗೆ ಓಡಬೇಡಿ. ನೋಟಿಸಿಗೆ ಉತ್ತರ ಕೊಡಲು ಕಷ್ಟಪಟ್ಟವರಲ್ಲಿ ಎಷ್ಟೋ ಜನರ ಖಾತೆಯಲ್ಲಿ ಮನೆ ಸಾಲ, ಕೈಗಡ, ಚೀಟಿ ದುಡ್ಡು, ವ್ಯಾಪಾರದ ದುಡ್ಡು ಎಲ್ಲ ಕಲಸಿಹೋಗಿತ್ತು. ಯಾವುದು ಮಾರಾಟದ್ದು ಎಂದು ಬಿಡಿಸಿ ತೋರಿಸಲು ದಾರಿ ಇರಲಿಲ್ಲ. ನೀವು ಇದಕ್ಕೆಂದೇ ಬೇರೆ ಉಳಿತಾಯ ಖಾತೆ ತೆರೆಯಿರಿ. ಅಪ್ಪನ ಖಾತೆಯ ಕ್ಯೂಆರ್ ಹಚ್ಚಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ದಿನಾ ಬಂದದ್ದು ಹೋದದ್ದು ಬರೆಯಿರಿ. ನೀವು ಬಿಕಾಂ, ಡೆಬಿಟ್ಟು ಕ್ರೆಡಿಟ್ಟು ನಾನು ಹೇಳಬೇಕಾಗಿಲ್ಲ.

ಉದ್ರಿ ಕೊಡಬೇಡಿ. ಗೆಳತಿಯರಿಗೂ ಬೇಡ, ಅವರಿಗಂತೂ ಬೇಡವೇ ಬೇಡ. 130 ರೂಪಾಯಿಗೆ ಗೆಳೆತನ ಹೋಗುವುದನ್ನು ಬಹಳ ನೋಡಿದ್ದೇನೆ.

ಪ್ರಶ್ನೆ: ಕರ್ಪೂರ ಮಾಡುವ ಮಷೀನ್ ಒಂದೂವರೆ ಲಕ್ಷಕ್ಕೆ ಕೊಡುತ್ತಾರಂತೆ. ಕಚ್ಚಾ ಮಾಲು ಅವರೇ ಕೊಟ್ಟು, ತಯಾರಾದ ಮಾಲನ್ನು ಅವರೇ ವಾಪಸ್ ಕೊಳ್ಳುತ್ತಾರಂತೆ. ಅಗ್ರಿಮೆಂಟೂ ಇದೆ.

ಉತ್ತರ: ಬೇಡ. ಕರ್ಪೂರ, ಅಗರಬತ್ತಿ, ಬತ್ತಿ, ಪೇಪರ್ ಪ್ಲೇಟ್ ಹೀಗೆ ಮಷೀನಿನ ಹೆಸರು ಬದಲಾಗುತ್ತದೆ, ಕಥೆ ಅದೇ. ಅವರ ವ್ಯಾಪಾರ ಮಷೀನ್ ಮಾರುವುದು, ಅವರ ಗಿರಾಕಿ ನೀವು. ಮೊದಲ ಒಂದೆರಡು ಲೋಡು ಕೊಳ್ಳುತ್ತಾರೆ, ಆಮೇಲೆ "ಕ್ವಾಲಿಟಿ ಸರಿ ಇಲ್ಲ" ಎನ್ನುತ್ತಾರೆ, ಆಮೇಲೆ ಫೋನ್ ಎತ್ತುವುದಿಲ್ಲ. ಅಗ್ರಿಮೆಂಟಿನಲ್ಲಿ ಗುಣಮಟ್ಟ ನಿರ್ಧರಿಸುವುದು ಯಾರು ಎಂಬ ಸಾಲನ್ನು ಓದಿ ನೋಡಿ, ಅವರೇ ಎಂದು ಬರೆದಿರುತ್ತದೆ. ನಿಜವಾಗಿಯೂ ಅಷ್ಟು ಲಾಭ ಇದ್ದರೆ ಅವರೇ ಹತ್ತು ಮಷೀನ್ ಹಾಕಿಕೊಂಡು ಕೂರುತ್ತಿದ್ದರು.

ಪ್ರಶ್ನೆ: ಮೂರು ಜನರನ್ನು ಸೇರಿಸಿದರೆ ಕಮಿಷನ್ ಬರುವ ಕಂಪನಿಗೆ ಸೀನಿಯರ್ ಕರೆಯುತ್ತಿದ್ದಾನೆ, ಸೇರಲು 7 ಸಾವಿರ.

ಉತ್ತರ: ಜನರನ್ನು ಸೇರಿಸಿದ್ದಕ್ಕೆ ದುಡ್ಡು ಕೊಡುವ ಸ್ಕೀಮಿಗೆ 1978ರಿಂದಲೇ ಕಾನೂನಿನ ನಿಷೇಧ ಇದೆ. 2021ರ ನೇರ ಮಾರಾಟ ನಿಯಮಗಳಲ್ಲೂ ಪಿರಮಿಡ್ ಸ್ಕೀಮಿಗೆ ಜಾಗವಿಲ್ಲ. ಆ ಸೀನಿಯರ್ ಕಳೆದುಕೊಂಡ 7 ಸಾವಿರವನ್ನು ನಿಮ್ಮಿಂದ ಎತ್ತಲು ನೋಡುತ್ತಿದ್ದಾನೆ, ಅಷ್ಟೇ.

ಪ್ರಶ್ನೆ: ನನ್ನ ಬ್ಯಾಂಕ್ ಖಾತೆ, ಎಟಿಎಂ ಕಾರ್ಡ್ ಕೊಟ್ಟರೆ ತಿಂಗಳಿಗೆ 10 ಸಾವಿರ ಬಾಡಿಗೆ ಕೊಡುತ್ತಾರಂತೆ. ಇದೂ ಸೈಡ್ ಬಿಸಿನೆಸ್ ತಾನೆ?

ಉತ್ತರ: ಅಲ್ಲ, ಇದು ಅಪರಾಧ. ಸೈಬರ್ ಕಳ್ಳರು ಮೋಸದ ದುಡ್ಡನ್ನು ದಾಟಿಸುವುದು ಇಂಥ ಖಾತೆಗಳಲ್ಲೇ. ಪೊಲೀಸರು ಮೊದಲು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ, ಅಂದರೆ ನಿಮ್ಮ ಮನೆಗೆ. ಈಗಾಗಲೇ ಕೊಟ್ಟಿದ್ದರೆ ಈ ಉತ್ತರ ಓದಿ ಮುಗಿಸುವ ಮೊದಲು ಬ್ಯಾಂಕಿಗೆ ಹೋಗಿ ಖಾತೆ ನಿಲ್ಲಿಸಿ, ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಮನೆಯಲ್ಲಿ ಹೇಳಿ. ಬೈಸಿಕೊಳ್ಳುವ ಭಯಕ್ಕೆ ಸುಮ್ನೆ ಕೂರಬೇಡಿ.

ಪ್ರಶ್ನೆ: ಕೋಚಿಂಗ್ ಸೆಂಟರಿನ ನೋಟ್ಸ್ ಸ್ಕ್ಯಾನ್ ಮಾಡಿ ಟೆಲಿಗ್ರಾಂನಲ್ಲಿ 49 ರೂಪಾಯಿಗೆ ಮಾರಬಹುದಾ?

ಉತ್ತರ: ಬೇರೆಯವರು ಬರೆದದ್ದನ್ನು ಮಾರುವುದು ಕಳ್ಳತನ. ನಿಮ್ಮದೇ ನೋಟ್ಸ್ ಇದ್ದರೆ ಧಾರಾಳವಾಗಿ ಮಾರಿ.

ಪ್ರಶ್ನೆ: ಮುದ್ರಾ ಸಾಲ ಕೊಡಿಸಲು ಒಬ್ಬರು 5 ಸಾವಿರ, ಉದ್ಯಮ್ ಸರ್ಟಿಫಿಕೇಟಿಗೆ ಒಂದೂವರೆ ಸಾವಿರ ಕೇಳುತ್ತಿದ್ದಾರೆ.

ಉತ್ತರ: ಉದ್ಯಮ್ ಎಂದರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ, ಅದು ಪೂರ್ತಿ ಉಚಿತ. ಮುದ್ರಾ ಸಣ್ಣ ವ್ಯಾಪಾರಕ್ಕೆ ಸಾಲ ಕೊಡುವ ಸರ್ಕಾರಿ ಯೋಜನೆ, ಅದಕ್ಕೆ ನೇರವಾಗಿ ಬ್ಯಾಂಕಿಗೆ ಹೋಗಿ. ಸಾಲದ ಬಗ್ಗೆ ನನ್ನ ಮಾತು ಮೇಲೆಯೇ ಇದೆ.

ಪ್ರಶ್ನೆ: ನನಗೆ 17 ವರ್ಷ. ಅಂಗಡಿ ಬಾಡಿಗೆಗೆ ಹಿಡಿಯಬಹುದಾ?

ಉತ್ತರ: 18 ತುಂಬುವವರೆಗೆ ನೀವು ಮಾಡಿಕೊಂಡ ಕರಾರಿಗೆ ಬೆಲೆ ಇಲ್ಲ. ಪಿಯುಸಿ ಮುಗಿಸಿ, ಆಮೇಲೆ ಮಾತಾಡೋಣ.

ಪ್ರಶ್ನೆ: ದಾವಣಗೆರೆಯಲ್ಲಿ ನಾವು ನಾಲ್ಕು ಗೆಳೆಯರು ಚೌತಿಗೆ ಮಣ್ಣಿನ ಗಣಪತಿ ತಂದು ಮಾರಬೇಕು ಎಂದಿದ್ದೇವೆ. ಪಾಲು ಹೇಗೆ ಮಾಡಿಕೊಳ್ಳುವುದು?

ಉತ್ತರ: ವಿದ್ಯಾರ್ಥಿಗಳಿಗೆ ಒಳ್ಳೆಯ ಕೆಲಸ, ಹದಿನೈದು ದಿನದಲ್ಲಿ ಮುಗಿಯುತ್ತದೆ. ನಾಲ್ಕು ಜನರ ಪಾಲುದಾರಿಕೆ ಮಾತ್ರ ನನಗೆ ಹಿಡಿಸುವುದಿಲ್ಲ, ಇಬ್ಬರು ಸಾಕು. ಮಾಡುವುದೇ ಆದರೆ ಯಾರು ಎಷ್ಟು ದುಡ್ಡು ಹಾಕುತ್ತೀರಿ, ಯಾರು ಅಂಗಡಿಯಲ್ಲಿ ನಿಲ್ಲುತ್ತೀರಿ, ಉಳಿದ ಮೂರ್ತಿಯ ನಷ್ಟ ಯಾರದ್ದು ಎಂದು ಇವತ್ತೇ ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಹಾಕಿ. ದುಡ್ಡು ಹಾಕಿದ್ದಕ್ಕೆ ಒಂದು ಪಾಲು, ನಿಂತು ಮಾರಿದ್ದಕ್ಕೆ ಇನ್ನೊಂದು ಪಾಲು ಇರಲಿ, ಇಲ್ಲದಿದ್ದರೆ ಬಿಸಿಲಲ್ಲಿ ನಿಂತವನಿಗೆ ಅನ್ಯಾಯ. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಮೂರ್ತಿಗೆ ರಾಜ್ಯದಲ್ಲಿ ನಿಷೇಧ ಇದೆ, ಸಸ್ತಾ ಎಂದು ಅದನ್ನು ಬೆರೆಸಬೇಡಿ. ಚೌತಿಯ ಮರುದಿನ ಉಳಿದ ಮೂರ್ತಿಯನ್ನು ಯಾರೂ ಕೊಳ್ಳುವುದಿಲ್ಲ, ಹಾಗಾಗಿ ಓಣಿಯ ಮನೆಗಳಿಂದ ತಿಂಗಳ ಮುಂಚೆಯೇ ಅರ್ಧ ದುಡ್ಡು ಮುಂಗಡ ತೆಗೆದುಕೊಂಡು, ಮುಂಗಡ ಬಂದಷ್ಟೇ ಮೂರ್ತಿ ತನ್ನಿ.