ಹಾಸನದ ಬಿಸಿಲಲ್ಲಿ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಬೆಂಗಳೂರಿನಿಂದ ವರ್ಗವಾಗಿ ಹಾಸನಕ್ಕೆ ಬಂದಿದ್ದೀರಿ, 4 ಮತ್ತು 7 ವರ್ಷದ ಇಬ್ಬರು ಮಕ್ಕಳು. ಬಡವರ ಊಟಿ ಅಂತ ನಂಬಿ ಬಂದರೆ ಏಪ್ರಿಲ್ ಬಿಸಿಲು ಹೀಗೆ ಸುಡುತ್ತಿದೆ. ರಜೆ ಪೂರ್ತಿ ಟಿವಿ ಮುಂದೆ ಕೂರಿಸಬೇಕಾ?

ಬೇಡ. ನನ್ನ ಮಕ್ಕಳೂ ಹೆಚ್ಚುಕಡಿಮೆ ಅದೇ ವಯಸ್ಸಿನವರು, ದಿನಾ ಹೊರಗೆ ಹೋಗುತ್ತಾರೆ. ಎಲ್ಲಿಗೆ ಹೋಗೋದು ಅಂತ ಎಲ್ಲರೂ ಕೇಳುತ್ತಾರೆ. ಎಷ್ಟು ಹೊತ್ತಿಗೆ ಅಂತ ಕೇಳುವವರು ಕಡಿಮೆ. ನಾನೂ ಕೇಳದೆ ಒಮ್ಮೆ ಪೆಟ್ಟು ತಿಂದಿದ್ದೇನೆ.

ಎರಡು ವರ್ಷದ ಹಿಂದೆ ಮನೆಗೆ ನೆಂಟರು ಬಂದಿದ್ದರು. ತಿಂಡಿ, ಕಾಫಿ, ಮತ್ತೊಮ್ಮೆ ಕಾಫಿ ಮುಗಿಸಿ ಶ್ರವಣಬೆಳಗೊಳ ಮುಟ್ಟುವಾಗ 11 ಗಂಟೆ. ವಿಂಧ್ಯಗಿರಿ ಅಂದರೆ ಬಂಡೆಯಲ್ಲೇ ಕಡೆದ 600ಕ್ಕೂ ಹೆಚ್ಚು ಮೆಟ್ಟಿಲು, ಚಪ್ಪಲಿ ಕೆಳಗೇ ಬಿಡಬೇಕು. ಹತ್ತುವಾಗ ಹೇಗೋ ಹತ್ತಿಬಿಟ್ಟೆವು. ಗೊಮ್ಮಟನನ್ನು ನೋಡಿ ಇಳಿಯುವಾಗ ಬಂಡೆ ಕಾದ ಹೆಂಚಾಗಿತ್ತು. ಮಗಳು ಒಂದು ಮೆಟ್ಟಿಲಿಗೂ ಕಾಲಿಡಲಿಲ್ಲ. ಅವಳನ್ನು ಹೊತ್ತು, ನನ್ನ ಕಾಲೂ ಸುಡುತ್ತಾ, ಕುಣಿದುಕೊಂಡು ಇಳಿದೆ. ಕೆಳಗೆ ಕಾಲುಚೀಲ ಮಾರುವವರು ಯಾಕೆ ಅಷ್ಟು ಕೂಗುತ್ತಿದ್ದರು ಅಂತ ಆಗ ಗೊತ್ತಾಯಿತು. ಅಲ್ಲಿಗೆ ಖಂಡಿತ ಹೋಗಿ. ಆದರೆ ಬೆಳಗಿನ ಜಾವ ಮನೆ ಬಿಡಿ, ದಪ್ಪ ಕಾಲುಚೀಲ ಒಯ್ಯಿರಿ.

ಆವತ್ತಿನಿಂದ ನಮ್ಮ ಮನೆಯಲ್ಲಿ ಗಡಿಯಾರದ ಬದಲು ನೆರಳಿನ ಲೆಕ್ಕ. ಮಗು ನೆಟ್ಟಗೆ ನಿಲ್ಲಲಿ. ನೆರಳು ಅದಕ್ಕಿಂತ ಉದ್ದ ಇದ್ದರೆ ಆಟ. ಗಿಡ್ಡ ಆಯಿತೋ, ಮರದ ಕೆಳಗೆ ಇಲ್ಲವೇ ಮನೆಗೆ. ಏಪ್ರಿಲ್ ಕೊನೆಗೆ ಹಾಸನದಲ್ಲಿ ಬೆಳಗ್ಗೆ ಸುಮಾರು 9.20ಕ್ಕೇ ನೆರಳು ನಮ್ಮಷ್ಟು ಎತ್ತರಕ್ಕೆ ಇಳಿದುಬಿಡುತ್ತದೆ, ಮತ್ತೆ ಅಷ್ಟು ಉದ್ದ ಆಗುವುದು ಮಧ್ಯಾಹ್ನ ಮೂರೂವರೆಗೆ. ನೆಲದ ಕಾವು ಆರಲು ಇನ್ನೊಂದು ಗಂಟೆ ಬಿಡಿ. ನಾವು ಬೇಡ ಅಂದರೆ ಜಗಳ, ನೆರಳು ಬೇಡ ಅಂದರೆ ಮಕ್ಕಳು ಒಪ್ಪುತ್ತಾರೆ. ಯಾಕೋ ಗೊತ್ತಿಲ್ಲ, ಆದರೆ ಕೆಲಸ ಮಾಡುತ್ತದೆ.

ಇನ್ನೊಂದು ಮೋಸ ಇದೆ. ನಮ್ಮೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಬೆವರು ಕಿತ್ತುಕೊಂಡು ಬರುವ ಧಗೆ ಇಲ್ಲಿ ಕಡಿಮೆ, ಗಾಳಿ ತಣ್ಣಗೆ ಬೀಸುತ್ತದೆ. ಹಾಗಾಗಿ ಬಿಸಿಲು ಗೊತ್ತೇ ಆಗಲ್ಲ. ಸಂಜೆ ಸ್ನಾನ ಮಾಡಿಸುವಾಗ ನೋಡಿದರೆ ಕತ್ತು, ಕಿವಿ ಎಲ್ಲ ಕೆಂಪು. ಟೋಪಿ ಹಾಕಿಸಿ, ತೋಳಿರುವ ತೆಳು ಹತ್ತಿ ಬಟ್ಟೆ ಸಾಕು.

ದಿನನಿತ್ಯಕ್ಕೆ ಮಹಾರಾಜ ಪಾರ್ಕ್. ಊರ ಮಧ್ಯೆ ಇದೆ, ಮರ ಇದೆ, ಅಷ್ಟು ಸಾಕಲ್ವಾ? ಜಾರುಬಂಡೆ ಲೋಹದ್ದಾದರೆ ಮೊದಲು ನಿಮ್ಮ ಅಂಗೈ ಇಟ್ಟು ನೋಡಿ, ಆಮೇಲೆ ಮಗುವನ್ನು ಬಿಡಿ. ನಮ್ಮ ಮಗ ಅರ್ಧ ಗಂಟೆ ಉಯ್ಯಾಲೆ ಆಡಿ, ಇನ್ನರ್ಧ ಗಂಟೆ ಇರುವೆ ಸಾಲು ನೋಡುತ್ತಾ ಕೂರುತ್ತಾನೆ. ಮೊದಮೊದಲು ನಾನು 'ಬಾ, ಆಡು, ಇಷ್ಟು ದೂರ ಬಂದಿದ್ದು ಇದಕ್ಕಾ' ಅಂತ ಎಬ್ಬಿಸುತ್ತಿದ್ದೆ. ಈಗ ಸುಮ್ನೆ ಬಿಡುತ್ತೇನೆ. ನಿಮ್ಮ ಬೀದಿಯಲ್ಲೇ ಒಂದು ಹೊಂಗೆ ಮರ ಇದ್ದರೆ ಪಾರ್ಕೂ ಬೇಕಿಲ್ಲ. ಹೊಂಗೆಯ ಹಳೇ ಎಲೆ ಉದುರಿ, ಬೇಸಿಗೆ ಬಲಿಯುವ ಹೊತ್ತಿಗೆ ಸರಿಯಾಗಿ ಹೊಸ ಚಿಗುರು ತುಂಬಿಕೊಂಡಿರುತ್ತದೆ. ಅದರ ಕೆಳಗೆ ಒಂದು ಚಾಪೆ ಹಾಸಿ ನೋಡಿ.

ಊಟದ ಡಬ್ಬಿ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಅರ್ಧ ಗಲಾಟೆ ಹಸಿವಿನದ್ದೇ. ಮೊಸರನ್ನ ಕಟ್ಟುವುದಾದರೆ ಮೊಸರಲ್ಲೇ ಕಲಸಬೇಡಿ, ಬಿಸಿಲಿಗೆ ಹುಳಿ ಬರುತ್ತದೆ. ಅನ್ನವನ್ನು ಮೆತ್ತಗೆ ಹಿಸುಕಿ, ಕಾಯಿಸಿ ಆರಿಸಿದ ಹಾಲು ಹಾಕಿ, ಮೇಲೆ ಒಂದು ಚಮಚ ಮೊಸರು. ನೀವು ಡಬ್ಬಿ ತೆಗೆಯುವಷ್ಟರಲ್ಲಿ ತಾನೇ ಹದವಾಗಿರುತ್ತದೆ. ಸೌತೆಕಾಯಿ ಹೆಚ್ಚಿ ಒಯ್ಯಿರಿ, ಉಪ್ಪು ಬೇರೆ ಪೊಟ್ಟಣದಲ್ಲಿ. ಮೊದಲೇ ಹಾಕಿದರೆ ನೀರು ಬಿಡುತ್ತದೆ. ಕುಡಿಯಲು ಉಪ್ಪು ಹಾಕಿದ ನೀರು ಮಜ್ಜಿಗೆ ಅಥವಾ ಬೆಲ್ಲದ ಪಾನಕ. ಬಾಯಾರಿಕೆ ಅಂತ ಮಕ್ಕಳು ಹೇಳುವ ತನಕ ಕಾಯಬೇಡಿ, ಆಟದಲ್ಲಿ ಅವರಿಗೆ ನೆನಪಾಗುವುದೇ ಇಲ್ಲ. ಉಚ್ಚೆ ಗಾಢ ಹಳದಿ ಬಂದರೆ ನೀರು ಸಾಲದು ಅಂತ ಅರ್ಥ. ಚಟಪಟ ಮಾತಾಡುವ ಮಗು ಸುಮ್ಮನಾಗಿ, ತಲೆನೋವು, ವಾಕರಿಕೆ ಅಂದರೆ ತಕ್ಷಣ ನೆರಳಿಗೆ ಕರೆದೊಯ್ದು ಒದ್ದೆ ಬಟ್ಟೆಯಿಂದ ಮೈ ಒರೆಸಿ, ಗುಟುಕು ಗುಟುಕಾಗಿ ಓಆರ್‌ಎಸ್ ಕುಡಿಸಿ. ಮೈ ಕೆಂಡದಂತೆ ಸುಟ್ಟು, ಮಂಕು ಕವಿದು ತೊದಲಿದರೆ ನೇರ ಆಸ್ಪತ್ರೆಗೆ. 'ಎರಡೇ ನಿಮಿಷ' ಅಂತ ಮಗುವನ್ನು ಕಾರಿನಲ್ಲಿ ಬಿಟ್ಟು ಮಾತ್ರ ಇಳಿಯಲೇಬೇಡಿ.

ಭಾನುವಾರಕ್ಕೆ ನನ್ನ ಓಟು ದೊಡ್ಡಗದ್ದವಳ್ಳಿಗೆ. ಬೇಲೂರು, ಹಳೇಬೀಡಿನ ಗದ್ದಲದಲ್ಲಿ ಇದನ್ನು ಕೇಳುವವರು ಕಡಿಮೆ. 12ನೇ ಶತಮಾನದ ಲಕ್ಷ್ಮಿ ದೇವಸ್ಥಾನ, ವಿಷ್ಣುವರ್ಧನನ ಕಾಲದ್ದು. ನಾಲ್ಕು ದಿಕ್ಕಿಗೆ ನಾಲ್ಕು ಗರ್ಭಗುಡಿ, ಪಕ್ಕದಲ್ಲೇ ಕೆರೆ, ಸುತ್ತ ತೆಂಗು. ಮಕ್ಕಳಿಗೆ ಶಿಲ್ಪಕಲೆಯ ಪಾಠ ಮಾಡಲು ಹೋಗಬೇಡಿ. ಕಾಳಿಯ ಗುಡಿ ಬಾಗಿಲ ಬಳಿ ಇರುವ ಬೇತಾಳಗಳನ್ನು ತೋರಿಸಿ ಸಾಕು. ನನ್ನ ಮಗಳು ಮೊದಲು ನನ್ನ ಹಿಂದೆ ಅವಿತುಕೊಂಡಳು, ಆಮೇಲೆ ಅದರ ಪಕ್ಕೆಲುಬು ಎಣಿಸಲು ನಿಂತಳು. ಒಳಗಿನ ಕಲ್ಲು ತಣ್ಣಗಿರುತ್ತದೆ, ಅಂಗಳದ ಕಲ್ಲು ಹಾಗಲ್ಲ.

ಗೊರೂರು ಅಣೆಕಟ್ಟು ಸಂಜೆ ಹೊತ್ತಿಗೆ ಪರವಾಗಿಲ್ಲ, ನೀರಿನ ಅಂಚಿಗೆ ಮಾತ್ರ ಬಿಡಬೇಡಿ. ಅದರ ಹಿನ್ನೀರಿನಲ್ಲಿ ಮುಳುಗೇಳುವ ಶೆಟ್ಟಿಹಳ್ಳಿಯ ಪಾಳು ಚರ್ಚು ಬೇಸಿಗೆಯಲ್ಲಿ ನೀರು ಇಳಿದು ಪೂರ್ತಿ ಕಾಣುತ್ತದೆ, ಎಲ್ಲರೂ ಫೋಟೊ ಹಾಕುತ್ತಾರೆ. ನನಗೆ ಸಣ್ಣ ಮಕ್ಕಳೊಂದಿಗೆ ಅಲ್ಲಿ ಧೈರ್ಯ ಇಲ್ಲ. ಒಂದು ಮರದ ನೆರಳೂ ಸಿಗಲ್ಲ, ಗೋಡೆಗಳು ಶಿಥಿಲ. ಸಕಲೇಶಪುರದ ಮಂಜರಾಬಾದ್ ಕೋಟೆ ನಕ್ಷತ್ರದ ಆಕಾರದ್ದು, ನಿಮ್ಮ 7 ವರ್ಷದವನಿಗೆ ಹಿಡಿಸುತ್ತದೆ. ಚಿಕ್ಕದನ್ನು ಮೆಟ್ಟಿಲ ಮೇಲೆ ಎತ್ತಿಕೊಳ್ಳುವ ಸರದಿ ಯಾರದ್ದು ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೊರಡಿ.

ಸಂಜೆ ಮಲೆನಾಡಿನ ಕಡೆ ಮೋಡ ಕಪ್ಪಾದರೆ ಆಟ ಮುಗಿಯಿತು ಅಂತಲೇ ಲೆಕ್ಕ. ಭರಣಿ ಮಳೆ ಗುಡುಗು ಸಿಡಿಲಿನ ಜೊತೆಗೇ ಬರುತ್ತದೆ. ಆಗ ಮಾತ್ರ ಮರದ ಕೆಳಗೆ ನಿಲ್ಲಬೇಡಿ, ಕಟ್ಟಡದೊಳಗೆ ಹೋಗಿ.

ಹಾಂ, ನೆರಳಿನ ಲೆಕ್ಕಕ್ಕೆ ವರ್ಷಕ್ಕೊಂದು ರಿಯಾಯಿತಿ ಇದೆ. ಏಪ್ರಿಲ್ 24ರ ಆಸುಪಾಸಿಗೆ ಸೂರ್ಯ ಹಾಸನದ ನೆತ್ತಿಯ ಮೇಲೇ ಬರುತ್ತಾನೆ, ಮಧ್ಯಾಹ್ನ 12.24ರ ಸುಮಾರಿಗೆ. ಆಗಸ್ಟ್‌ನಲ್ಲೂ ಒಮ್ಮೆ ಬರುತ್ತಾನೆ, ಆದರೆ ಆಗ ಮಳೆ, ಮೋಡ. ಟೋಪಿ ಹಾಕಿಸಿ ಐದೇ ನಿಮಿಷ ಅಂಗಳಕ್ಕೆ ಕರೆದುಕೊಂಡು ಬನ್ನಿ, ಒಂದು ಸ್ಟೀಲ್ ಲೋಟ ಬೋರಲು ಹಾಕಿ. ಅದರ ನೆರಳು ಅದರ ಕೆಳಗೇ ಸೇರಿಬಿಡುತ್ತದೆ. ಹೋದ ವರ್ಷ ನನ್ನ ಮಗಳು ನೆರಳು ಹುಡುಕಲು ಲೋಟ ಎತ್ತಿಯೂ ನೋಡಿದಳು.