ಟೊಮೆಟೊ ಕಾಯಿ ಕೊರೆಯುವ ಹುಳುವಿಗೆ ವಿಷ ಹೊಡೆಯದೆ ಏನು ಮಾಡಬಹುದು?

ಹುಬ್ಬಳ್ಳಿಯಲ್ಲಿ ಮಾಳಿಗೆ ಮೇಲೆ ಕುಂಡಗಳಲ್ಲಿ ಟೊಮೆಟೊ ಹಚ್ಚಿದ್ದೀರಿ, ಕಾಯಿಗೆ ತೂತು ಬೀಳುತ್ತಿದೆ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಅಂಗಡಿಯವರು ಕೊಟ್ಟ ಕೀಟನಾಶಕದ ಎಣ್ಣೆ ಹೊಡೆಯಲೋ ಬೇಡವೋ ಅಂತ ಕೇಳಿದ್ದೀರಿ. ದಯವಿಟ್ಟು ಹೊಡೆಯಬೇಡಿ. ನಾಲ್ಕಾರು ಕುಂಡಕ್ಕೆ ಅದು ಬೇಕಾಗಿಲ್ಲ. ಕಾಯಿ ಒಳಗೆ ಹೊಕ್ಕ ಹುಳುವಿಗೆ ಹೊರಗಿನ ಔಷಧ ಸರಿಯಾಗಿ ತಾಗುವುದೂ ಇಲ್ಲ. ಅದು ಕಾಯಿಗೆ ಹೋಗುವ ಮುಂಚೆಯೇ ಹಿಡಿಯಬೇಕು.

ನಾನೂ ಧಾರವಾಡದಲ್ಲಿ ಹಿತ್ತಲಲ್ಲಿ ಟೊಮೆಟೊ ಬೆಳೆಯುತ್ತೇನೆ. ನೀವು ಹೇಳುತ್ತಿರುವುದು ಕಾಯಿಕೊರಕವೇ ಇರಬೇಕು. ನಮ್ಮ ಕಡೆ ಕಡಲೆ, ತೊಗರಿ, ಹತ್ತಿಗೆ ಬೀಳುತ್ತದಲ್ಲ, ಅದೇ ಕೀಡಿ. ಸುತ್ತಲಿನ ಎರೆ ಹೊಲದಲ್ಲಿ ಹಿಂಗಾರಿ ಕಡಲೆ ಇದ್ದಾಗ ರಾತ್ರಿ ಪತಂಗ ಹಾರಿ ಬಂದು ಮನೆ ಗಿಡಕ್ಕೂ ಮೊಟ್ಟೆ ಇಡುತ್ತದೆ. ಒಂದೇ ಹುಳು ಹಲವು ಕಾಯಿ ಕೆಡಿಸುತ್ತದೆ. ಅದಕ್ಕೇ ಒಂದು ಸಿಕ್ಕರೂ ಲಾಭ.

ಹೂ ಬಿಡಲು ಶುರುವಾದ ಮೇಲೆ ದಿನಾ ಬೆಳಿಗ್ಗೆ ಗಿಡ ನೋಡಿ. ತುದಿ ಎಲೆ, ಹೂಗೊಂಚಲಿನ ಹತ್ತಿರ ಗಸಗಸೆಗಿಂತ ಸಣ್ಣ ಬಿಳಿ-ಹಳದಿ ಮೊಟ್ಟೆ ಒಂದೊಂದಾಗಿ ಇರುತ್ತವೆ. ಬೆರಳಲ್ಲೇ ಒರೆಸಿಬಿಡಿ. ಎಲೆ ಮೇಲೆ ಹಿಕ್ಕೆ ಕಂಡರೆ ಅದರ ಮೇಲಿನ ಟೊಂಗೆಯಲ್ಲಿ ಹುಡುಕಿ, ಹುಳು ಅಲ್ಲೇ ಇರುತ್ತದೆ. ಹಸಿರು ಮೈ, ಹಸಿರು ಎಲೆ, ಸುಮ್ನೆ ನೋಡಿದರೆ ಕಾಣುವುದಿಲ್ಲ. ಸಿಕ್ಕಿದ್ದನ್ನು ಸೋಪು ನೀರಿಗೆ ಹಾಕಿ. ತೂತು ಬಿದ್ದ ಕಾಯಿ ಗಿಡದಲ್ಲೂ ಬೇಡ, ಗೊಬ್ಬರದ ಗುಂಡಿಗೂ ಬೇಡ. ಎಲೆ ಅಡಿಯಲ್ಲಿ ಕಂದು ಕೂದಲು ಮುಚ್ಚಿದ ಮೊಟ್ಟೆಗಳ ಗುಂಪು ಕಂಡರೆ ಅದು ಬೇರೆ, ತಂಬಾಕಿನ ಹುಳು. ಎಲೆ ಸಮೇತ ಕಿತ್ತುಬಿಡಿ.

ಕೈಯಿಂದ ಆಗದಷ್ಟು ಜಾಸ್ತಿ ಆದರೆ ಬೇವಿನ ಬೀಜದ ಕಷಾಯ. ಒಣಗಿದ ಬೀಜದ ತಿರುಳು 50 ಗ್ರಾಂ ಕುಟ್ಟಿ, 1 ಲೀಟರ್ ನೀರಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸೋಪು ಕರಗಿಸಿ. ಎಲೆಯ ಕೆಳಭಾಗಕ್ಕೂ ಬೀಳುವಂತೆ ವಾರಕ್ಕೊಮ್ಮೆ ಹೊಡೆಯಿರಿ. ಮುಂಗಾರು ಶುರುವಿಗೆ ಬೇವಿನ ಹಣ್ಣು ಉದುರುತ್ತವೆ, ಆಗಲೇ ಆರಿಸಿ ನೆರಳಲ್ಲಿ ಒಣಗಿಸಿಟ್ಟರೆ ಖರ್ಚೇ ಇಲ್ಲ.

ಇನ್ನೊಂದು ಬಿಟಿ (ಬ್ಯಾಸಿಲಸ್ ತುರಿಂಜಿಯೆನ್ಸಿಸ್) ಪುಡಿ. ಮಣ್ಣಿನಲ್ಲೇ ಇರುವ ಬ್ಯಾಕ್ಟೀರಿಯಾದಿಂದ ಮಾಡಿದ್ದು. ಎಲೆ ಜೊತೆ ಹೊಟ್ಟೆಗೆ ಹೋದಾಗ ಹುಳು ತಿನ್ನುವುದನ್ನು ನಿಲ್ಲಿಸಿ ಕೆಲ ದಿನದಲ್ಲಿ ಸಾಯುತ್ತದೆ. ಸಣ್ಣ ಹುಳುವಿಗೆ ಚೆನ್ನಾಗಿ ಹಿಡಿಯುತ್ತದೆ, ಬಲಿತದ್ದಕ್ಕೆ ಕಡಿಮೆ. ಪ್ಯಾಕೆಟ್ ಮೇಲಿನ ಪ್ರಮಾಣ ಮೀರಬೇಡಿ. ಬಿಸಿಲಿಗೆ ಅದರ ಶಕ್ತಿ ಹೋಗುತ್ತದೆ, ಸಂಜೆಯೇ ಹೊಡೆಯಿರಿ. ಹತ್ತಿರದಲ್ಲಿ ರೇಷ್ಮೆ ಹುಳು ಸಾಕುವವರು ಇದ್ದರೆ ಮಾತ್ರ ಬೇಡ, ಅವಕ್ಕೂ ಅದು ವಿಷವೇ. ಎರಡರಲ್ಲಿ ಯಾವುದು ಹೊಡೆದರೂ ಕಾಯಿ ತೊಳೆದೇ ಮಕ್ಕಳಿಗೆ ಕೊಡಿ.

ಮುಂದಿನ ಸಲ ಟೊಮೆಟೊ ಸಸಿ ಹಚ್ಚುವಾಗ ಪಕ್ಕದಲ್ಲಿ ಆಗಲೇ ಮೊಗ್ಗು ಕಟ್ಟುತ್ತಿರುವ ಚೆಂಡು ಹೂವಿನ ಗಿಡ ಇಡಿ. ಪತಂಗಕ್ಕೆ ಅದರ ಮೇಲೆ ಮೊಟ್ಟೆ ಇಡುವ ಆಸೆ ಜಾಸ್ತಿ. ಆದರೆ ಆ ಹೂಗಳನ್ನೂ ನೋಡಿ ಹುಳು ಆರಿಸಬೇಕು, ಇಲ್ಲದಿದ್ದರೆ ನೀವೇ ಸಾಕಿದಂತಾಗುತ್ತದೆ. ಬೆಳೆ ಮುಗಿದ ಮೇಲೆ ಕುಂಡದ ಮಣ್ಣು ಸುರುವಿ ಬಿಸಿಲಿಗೆ ಹರಡಿ. ಹುಳು ಕೋಶ ಕಟ್ಟುವುದು ಆ ಮಣ್ಣಲ್ಲೇ.